ದೂರಶಿಕ್ಷಣದಲ್ಲಿ ತುರ್ತು ಚಿಕಿತ್ಸೆಯ ಡಿಗ್ರಿ: ಮಲೆನಾಡಿನ ಮನೆಯಿಂದ ಎಷ್ಟು ಆಗುತ್ತೆ, ಎಲ್ಲಿಗೆ ಹೋಗಲೇಬೇಕು

ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆಯ ಹುಡುಗ ಹುಡುಗಿಯರು ಪಿಯುಸಿ ಮುಗಿಸಿ ಕೇಳುವ ಪ್ರಶ್ನೆಗಳಲ್ಲಿ ಈಚೆಗೆ ಇದೊಂದು ಜಾಸ್ತಿ ಆಗಿದೆ. ಎಮರ್ಜೆನ್ಸಿ ಕೇರ್ ಡಿಗ್ರಿಯನ್ನು ದೂರಶಿಕ್ಷಣದಲ್ಲಿ ಮಾಡಬಹುದಾ? ಕೇಳುವವರಿಗೆ ಅವರದ್ದೇ ಕಾರಣಗಳಿವೆ. ಒಬ್ಬರ ಮನೆಯಲ್ಲಿ ತೋಟ ನೋಡಿಕೊಳ್ಳೋಕೆ ಬೇರೆ ಜನ ಇಲ್ಲ. ಇನ್ನೊಬ್ಬರು ಆಗಲೇ ಆಂಬುಲೆನ್ಸ್‌ನಲ್ಲಿ ಕೆಲಸ ಮಾಡುತ್ತಿದ್ದಾರೆ, ಸಂಬಳ ಬಿಟ್ಟರೆ ಮನೆ ನಡೆಯಲ್ಲ. ಮತ್ತೊಬ್ಬರಿಗೆ ಹಾಸ್ಟೆಲ್ ಖರ್ಚಿನ ಚಿಂತೆ.

ನೇರವಾಗಿ ಹೇಳಿಬಿಡುತ್ತೇನೆ. ಭಾರತದಲ್ಲಿ ಈ ಡಿಗ್ರಿಯನ್ನು ಪೂರ್ತಿ ದೂರಶಿಕ್ಷಣದಲ್ಲಿ ಮಾಡೋಕೆ ಆಗಲ್ಲ. ಮಾಡಿಸುತ್ತೇವೆ ಅನ್ನುವವರು ಕೊಡುವ ಕಾಗದ ಮುಂದೆ ಕೈ ಹಿಡಿಯಲ್ಲ. ಆದರೆ ಆ ಡಿಗ್ರಿಗೆ ಬೇಕಾದ ತಯಾರಿಯ ದೊಡ್ಡ ಪಾಲನ್ನು ಮನೆಯಿಂದಲೇ ಮುಗಿಸಬಹುದು. ಯಾವುದು ಮನೆಯಲ್ಲಿ, ಯಾವುದು ಆಸ್ಪತ್ರೆಯಲ್ಲಿ, ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು ಗೊತ್ತಿದ್ದರೆ ವರ್ಷವೂ ಉಳಿಯುತ್ತೆ, ದುಡ್ಡೂ ಉಳಿಯುತ್ತೆ. ಅದಕ್ಕೇ ಈ ಲೇಖನ.

ನಿಯಮ ಏನು ಹೇಳುತ್ತೆ

ದೂರಶಿಕ್ಷಣ ಮತ್ತು ಆನ್‌ಲೈನ್ ಕೋರ್ಸ್‌ಗಳಿಗೆ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, 2020ರಲ್ಲಿ ನಿಯಮ ಮಾಡಿದೆ. ಯಾವ ವಿಷಯಗಳನ್ನು ದೂರಶಿಕ್ಷಣದಲ್ಲಿ ಕಲಿಸಬಾರದು ಅನ್ನೋ ಪಟ್ಟಿ ಅದರಲ್ಲೇ ಇದೆ. ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಫಿಸಿಯೊಥೆರಪಿ, ಪ್ಯಾರಾಮೆಡಿಕಲ್ ವಿಷಯಗಳು ಆ ಪಟ್ಟಿಗೆ ಸೇರಿವೆ. ಆಮೇಲೆ 2021ರಲ್ಲಿ ಸಂಸತ್ತು ಇನ್ನೊಂದು ಕಾನೂನು ತಂದಿತು. ವೈದ್ಯರು ಮತ್ತು ನರ್ಸ್‌ಗಳನ್ನು ಬಿಟ್ಟು ಆಸ್ಪತ್ರೆಯಲ್ಲಿ ದುಡಿಯುವ ಇತರ ಹಲವು ವೃತ್ತಿಗಳಿಗಾಗಿ ಒಂದು ರಾಷ್ಟ್ರೀಯ ಆಯೋಗ ಬಂತು. ಎಮರ್ಜೆನ್ಸಿ ಮೆಡಿಕಲ್ ಟೆಕ್ನಾಲಜಿಸ್ಟ್, ಅಂದರೆ ಪ್ಯಾರಾಮೆಡಿಕ್, ಆ ಕಾನೂನಿನ ಪಟ್ಟಿಯಲ್ಲಿ ಹೆಸರು ಸಮೇತ ಇದೆ. ಈ ಕಾನೂನಿಗೆ ಒಳಪಟ್ಟ ಯಾವ ವಿಷಯವನ್ನೂ ದೂರಶಿಕ್ಷಣ, ಆನ್‌ಲೈನ್ ವಿಧಾನದಲ್ಲಿ ಕಲಿಸುವಂತಿಲ್ಲ ಅಂತ ಯುಜಿಸಿ 2025ರ ಜುಲೈ–ಆಗಸ್ಟ್ ಪ್ರವೇಶದಿಂದ ಮತ್ತೆ ಸ್ಪಷ್ಟ ಮಾಡಿತು.

2021ರ ಕಾನೂನು ಓದಿನ ಗಂಟೆಗಳ ಲೆಕ್ಕವನ್ನೂ ಹಾಕಿದೆ. ‘ಅಲೈಡ್ ಹೆಲ್ತ್ ಪ್ರೊಫೆಷನಲ್’ ಅನಿಸಿಕೊಳ್ಳಲು ಕನಿಷ್ಠ 2000 ಗಂಟೆಯ ಡಿಪ್ಲೊಮಾ ಅಥವಾ ಡಿಗ್ರಿ ಬೇಕು. ‘ಹೆಲ್ತ್‌ಕೇರ್ ಪ್ರೊಫೆಷನಲ್’ ಆಗಲು ಕನಿಷ್ಠ 3600 ಗಂಟೆಯ ಡಿಗ್ರಿ ಬೇಕು. ಈ ಕಾನೂನಿನ ಅಡಿಯ ರಾಜ್ಯ ಮಂಡಳಿಯಲ್ಲಿ ಹೆಸರು ನೋಂದಾಯಿಸುವಾಗ ನೋಡುವುದು ಮಾನ್ಯತೆ ಇರುವ ಓದನ್ನೇ. ಆರು ತಿಂಗಳ ಆನ್‌ಲೈನ್ ‘ಡಿಗ್ರಿ’ ಈ ಲೆಕ್ಕದ ಹತ್ತಿರಕ್ಕೂ ಬರಲ್ಲ.

ಕೋರ್ಟಿನ ದಾರಿಯಲ್ಲಿ ಸರಿಹೋಗಬಹುದು ಅಂತ ಯಾರಾದರೂ ಸಮಾಧಾನ ಹೇಳಿದರೆ ನಂಬಬೇಡಿ. 2017ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಅನುಮತಿ ಇಲ್ಲದೆ ದೂರಶಿಕ್ಷಣದಲ್ಲಿ ಕೊಟ್ಟಿದ್ದ ಎಂಜಿನಿಯರಿಂಗ್ ಡಿಗ್ರಿಗಳಿಗೆ ಅದರಿಂದ ದೊಡ್ಡ ಪೆಟ್ಟು ಬಿತ್ತು. ಕೆಲಸ ಸಿಕ್ಕಿ ಎಷ್ಟೋ ವರ್ಷ ಆದವರೂ ತೊಂದರೆಗೆ ಸಿಕ್ಕಿದರು.

ಕೈಯಲ್ಲೇ ಕಲಿಯಬೇಕಾದ್ದು

ಈ ನಿಷೇಧ ಸುಮ್ನೆ ಕಾಗದದ ಹಠ ಅಲ್ಲ. ತೀರ್ಥಹಳ್ಳಿಯಿಂದ ಮಣಿಪಾಲಕ್ಕೆ ರೋಗಿಯನ್ನು ಕರೆದೊಯ್ಯುವ ಆಂಬುಲೆನ್ಸ್ ಆಗುಂಬೆ ಘಾಟಿ ಇಳಿಯುವುದನ್ನು ನೆನಪು ಮಾಡಿಕೊಳ್ಳಿ. ಒಂದರ ಹಿಂದೆ ಒಂದು ಹೇರ್‌ಪಿನ್ ತಿರುವು. ಹೊರಗೆ ಮಳೆ. ರೋಗಿಯ ಬಿಪಿ ನೋಡಬೇಕು. ಸ್ಟೆತಸ್ಕೋಪ್ ಕಿವಿಗೆ ಹಾಕಿದರೆ ಎಂಜಿನ್ ಸದ್ದು ಬಿಟ್ಟು ಬೇರೇನೂ ಕೇಳಲ್ಲ. ಆಗ ಮಣಿಕಟ್ಟಿನ ನಾಡಿ ಮೇಲೆ ಎರಡು ಬೆರಳು ಇಡಬೇಕು. ತೋಳಿಗೆ ಸುತ್ತಿದ ಪಟ್ಟಿಗೆ, ಅಂದರೆ ಕಫ್‌ಗೆ, ಗಾಳಿ ತುಂಬುತ್ತಾ ಹೋದರೆ ಒಂದು ಹಂತದಲ್ಲಿ ನಾಡಿ ಮಾಯ ಆಗುತ್ತೆ. ಇನ್ನೂ ಸ್ವಲ್ಪ ಏರಿಸಿ, ನಿಧಾನಕ್ಕೆ ಗಾಳಿ ಬಿಡಬೇಕು. ನಾಡಿ ಮತ್ತೆ ಬೆರಳಿಗೆ ತಾಗಿದ ಕ್ಷಣದ ಅಂಕಿಯೇ ಮೇಲಿನ ಬಿಪಿ. ಕೆಳಗಿನ ಅಂಕಿ ಈ ವಿಧಾನದಲ್ಲಿ ಸಿಗಲ್ಲ, ಆದರೆ ಆ ಹೊತ್ತಿಗೆ ಮೇಲಿನದು ಸಿಕ್ಕರೂ ದೊಡ್ಡ ವಿಷಯ. ಒಂದು ಕೈಯ ಬೆರಳು ನಾಡಿ ಮೇಲೆ, ಇನ್ನೊಂದು ಕೈ ಗಾಳಿ ತುಂಬುವ ಬಲ್ಬ್ ಮೇಲೆ, ಕಣ್ಣು ಒಮ್ಮೆ ಅಂಕಿಯ ಮೇಲೆ, ಒಮ್ಮೆ ರೋಗಿಯ ಮುಖದ ಮೇಲೆ.

ಇದನ್ನು ಓದಿ ತಿಳಿಯಬಹುದು, ಓದಿ ಮಾಡೋಕೆ ಆಗಲ್ಲ. ಅಡಿಕೆ ಮರ ಹತ್ತುವುದನ್ನು ನಮ್ಮಲ್ಲಿ ಯಾರೂ ವಿಡಿಯೊ ನೋಡಿ ಕಲಿತಿಲ್ಲ, ಅಲ್ವಾ? ಉಸಿರು ನಿಂತವರಿಗೆ ಮಾಸ್ಕ್ ಇಟ್ಟು ಚೀಲ ಒತ್ತುವಾಗ ಗಾಳಿ ಸೋರದಂತೆ ಹಿಡಿಯುವುದು, ಕುಗ್ಗಿದ ರಕ್ತನಾಳಕ್ಕೆ ಸೂಜಿ ಹಾಕುವುದು, ಹೆದರಿದ ಮನೆಯವರನ್ನು ಪಕ್ಕಕ್ಕೆ ಕರೆದು ಮಾತಾಡುವುದು, ಎಲ್ಲ ಹೀಗೇ. ಮೇಲೆ ಒಬ್ಬರು ನಿಂತು ತಿದ್ದಬೇಕು.

ಜಾಹೀರಾತು ಬಂದಾಗ ಏನು ನೋಡಬೇಕು

‘ಮನೆಯಿಂದಲೇ ಪ್ಯಾರಾಮೆಡಿಕಲ್ ಡಿಗ್ರಿ, ಪರೀಕ್ಷೆಗೆ ಮಾತ್ರ ಬನ್ನಿ’ ಅನ್ನುವ ಪೋಸ್ಟರ್ ಬಸ್ ಸ್ಟ್ಯಾಂಡ್ ಗೋಡೆಯಲ್ಲೂ ಇರಬಹುದು, ಫೋನ್‌ನಲ್ಲೂ ಬರಬಹುದು. ದುಡ್ಡು ಕಟ್ಟುವ ಮೊದಲು ಇಷ್ಟು ಮಾಡಿ.

ಯುಜಿಸಿಯ ದೂರಶಿಕ್ಷಣ ವಿಭಾಗದ ವೆಬ್‌ಸೈಟ್ ತೆರೆಯಿರಿ. ಯಾವ ವಿಶ್ವವಿದ್ಯಾಲಯಕ್ಕೆ, ಯಾವ ವರ್ಷಕ್ಕೆ, ಯಾವ ಕೋರ್ಸ್‌ಗೆ ಅನುಮತಿ ಇದೆ ಅಂತ ಅಲ್ಲಿ ಪಟ್ಟಿ ಇರುತ್ತೆ. ವಿಶ್ವವಿದ್ಯಾಲಯದ ಹೆಸರು ಇದ್ದರೆ ಸಾಲದು, ಕೋರ್ಸ್‌ನ ಹೆಸರೂ ಇರಬೇಕು. ಬಹಳ ಜನ ಎಡವುವುದು ಇಲ್ಲೇ. ವಿಶ್ವವಿದ್ಯಾಲಯ ಅಸಲಿ ಇರುತ್ತೆ, ಬಿ.ಎ., ಬಿ.ಕಾಂ.ಗೆ ಅನುಮತಿಯೂ ಇರುತ್ತೆ, ಆದರೆ ಮಧ್ಯವರ್ತಿ ತೋರಿಸುವ ಕೋರ್ಸ್ ಆ ಪಟ್ಟಿಯಲ್ಲೇ ಇರಲ್ಲ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ಯುಜಿಸಿ ಬೇರೆಯಾಗಿ ಹಾಕುತ್ತೆ, ಅದನ್ನೂ ಒಮ್ಮೆ ನೋಡಿಬಿಡಿ.

2024ರಿಂದ ಇನ್ನೊಂದು ಸುಲಭದ ಗುರುತು ಸಿಕ್ಕಿದೆ. ಮಾನ್ಯತೆ ಇರುವ ಯಾವ ದೂರಶಿಕ್ಷಣ ಕೋರ್ಸ್‌ಗೆ ಸೇರಬೇಕಾದರೂ ವಿದ್ಯಾರ್ಥಿ ತನ್ನ ಡೆಬ್ ಐಡಿ, ಅಂದರೆ ಯುಜಿಸಿಯ ದೂರಶಿಕ್ಷಣ ವಿಭಾಗದ ಗುರುತಿನ ಸಂಖ್ಯೆ, ಮಾಡಿಕೊಳ್ಳಬೇಕು. ಅದಕ್ಕೆ ಓದಿನ ಕ್ರೆಡಿಟ್‌ಗಳನ್ನು ಜಮೆ ಮಾಡಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಖಾತೆ ಬೇಕು. ಸೇರಿಸಿಕೊಳ್ಳುವವರು ಈ ಐಡಿಯನ್ನು ಕೇಳಲೇ ಇಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ. ‘ನಾವು ಆ ಯೂನಿವರ್ಸಿಟಿಯ ಫ್ರಾಂಚೈಸಿ’ ಅಂದರೂ ಅಷ್ಟೇ, ದೂರಶಿಕ್ಷಣದಲ್ಲಿ ಫ್ರಾಂಚೈಸಿ ಕೊಡುವಂತಿಲ್ಲ. ಕೊನೆಯದಾಗಿ, ಕ್ಲಿನಿಕಲ್ ಪೋಸ್ಟಿಂಗ್, ಅಂದರೆ ರೋಗಿಗಳ ನಡುವಿನ ತರಬೇತಿ, ಯಾವ ಆಸ್ಪತ್ರೆಯಲ್ಲಿ, ಎಷ್ಟು ಗಂಟೆ, ಅಲ್ಲಿ ಮಾಡಿದ್ದನ್ನು ಬರೆದಿಡುವ ಲಾಗ್‌ಬುಕ್‌ಗೆ ಸಹಿ ಯಾರದ್ದು ಅಂತ ಕೇಳಿ. ಉತ್ತರ ತಡವರಿಸಿದರೆ ನಿಮಗೆ ಬೇಕಾದ್ದು ಗೊತ್ತಾಯಿತು.

ನೀವು ಈಗ ಎಲ್ಲಿದ್ದೀರಿ

ದಾರಿ ಎಲ್ಲರಿಗೂ ಒಂದೇ ಅಲ್ಲ.

ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಓದಿದ್ದರೆ ನಿಮ್ಮ ದಾರಿ ನೇರ ಇದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಎಮರ್ಜೆನ್ಸಿ ಮತ್ತು ಟ್ರಾಮಾ ಕೇರ್ ಟೆಕ್ನಾಲಜಿ ಅನ್ನುವ ಬಿ.ಎಸ್ಸಿ. ಇದೆ. ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಮಣಿಪಾಲದಲ್ಲೂ ಎಮರ್ಜೆನ್ಸಿ ಮೆಡಿಕಲ್ ಟೆಕ್ನಾಲಜಿ ಅನ್ನುವ ಬಿ.ಎಸ್ಸಿ. ಇದೆ, ಅದು ಖಾಸಗಿ, ಶುಲ್ಕ ಜಾಸ್ತಿ. ಸರ್ಕಾರಿ ಕೋಟಾದ ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪ್ರಕಟಣೆಗಳ ಮೇಲೆ ಕಣ್ಣಿಡಿ. ಪ್ರವೇಶದ ನಿಯಮ ಈಗ ವರ್ಷ ವರ್ಷ ಬದಲಾಗುತ್ತಿದೆ. ಹೋದ ವರ್ಷ ಸೇರಿದ ಅಣ್ಣನ ಮಾತು ಈ ವರ್ಷಕ್ಕೆ ಸರಿ ಇರಬೇಕಂತಿಲ್ಲ.

ಆರ್ಟ್ಸ್ ಅಥವಾ ಕಾಮರ್ಸ್ ಓದಿದವರು ಬಾಗಿಲು ಮುಚ್ಚಿತು ಅಂತ ಅಂದುಕೊಳ್ಳುತ್ತಾರೆ. ದೂರಶಿಕ್ಷಣ ನಿಜವಾಗಿ ಕೆಲಸಕ್ಕೆ ಬರುವುದು ಇವರಿಗೇ ಅಂತ ನನ್ನ ಅನಿಸಿಕೆ. ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಹನ್ನೆರಡನೇ ತರಗತಿಯ ಮಟ್ಟದ ವಿಜ್ಞಾನ ವಿಷಯಗಳನ್ನು ಮನೆಯಿಂದ ಓದಿ ಬರೆಯಬಹುದು. ವರ್ಷಕ್ಕೆ ಎರಡು ಸಲ ಪರೀಕ್ಷೆ ಇರುತ್ತೆ, ಏಪ್ರಿಲ್ ಹೊತ್ತಿಗೆ ಒಂದು, ಅಕ್ಟೋಬರ್ ಹೊತ್ತಿಗೆ ಒಂದು. ಒಮ್ಮೆ ನೋಂದಣಿ ಆದರೆ ಐದು ವರ್ಷದೊಳಗೆ ಮುಗಿಸಬಹುದು. ಪ್ರಾಕ್ಟಿಕಲ್‌ಗೆ ಮಾತ್ರ ಅಧ್ಯಯನ ಕೇಂದ್ರಕ್ಕೆ ಹೋಗಬೇಕು. ಕೊಯ್ಲಿನ ತಿಂಗಳು ಬಿಟ್ಟು ಓದುವ ಮನೆಯವರಿಗೆ ಇದು ಹೊಂದುತ್ತೆ. ಒಂದು ಎಚ್ಚರ ಇರಲಿ. ನೋಂದಣಿ ಮಾಡುವ ಮೊದಲೇ ನೀವು ಸೇರಬೇಕೆಂದಿರುವ ಕಾಲೇಜಿನಲ್ಲಿ ಅರ್ಹತಾ ಪತ್ರದ ವಿಷಯ ಕೇಳಿ. ಯಾವ ಯಾವ ವಿಷಯ ಇರಬೇಕು, ಅಂಕ ಎಷ್ಟಿರಬೇಕು, ಬೇರೆ ಬೇರೆ ವರ್ಷ ಪಾಸಾದ ವಿಷಯ ಒಪ್ಪುತ್ತಾರಾ ಅನ್ನೋದನ್ನು ಬರವಣಿಗೆಯಲ್ಲೇ ತೆಗೆದುಕೊಳ್ಳಿ.

ಎಸ್ಸೆಸ್ಸೆಲ್ಸಿ ಮಾತ್ರ ಆಗಿದ್ದರೆ ಪಿಯುಸಿ ಸೈನ್ಸ್ ಮುಗಿಸಿಯೇ ಮುಂದಿನ ಯೋಚನೆ ಮಾಡಿ ಅಂತ ನನ್ನ ಸಲಹೆ. ಹೊಸ ಕಾನೂನು ಬಂದ ಮೇಲೆ ಗಾಳಿ ಆ ಕಡೆಗೇ ಬೀಸುತ್ತಿದೆ.

ಪ್ಯಾರಾಮೆಡಿಕಲ್ ಡಿಪ್ಲೊಮಾ ಆದವರಿಗೆ ಕೆಲವು ಬಿ.ಎಸ್ಸಿ. ಕೋರ್ಸ್‌ಗಳಲ್ಲಿ ನೇರ ಎರಡನೇ ವರ್ಷಕ್ಕೆ ಸೇರುವ ಅವಕಾಶ ಇದೆ. ಆದರೆ ಡಿಪ್ಲೊಮಾ ಅದೇ ವಿಷಯದ್ದಾಗಿರಬೇಕು. ಆಪರೇಷನ್ ಥಿಯೇಟರ್ ಡಿಪ್ಲೊಮಾ ಹಿಡಿದು ಎಮರ್ಜೆನ್ಸಿ ಡಿಗ್ರಿಯ ಎರಡನೇ ವರ್ಷ ಕೇಳಿದರೆ ಸಿಗೋದು ಕಷ್ಟ.

ನರ್ಸಿಂಗ್ ಆಗಿರುವವರು ಹೊಸದಾಗಿ ಬಿ.ಎಸ್ಸಿ. ಮಾಡಬೇಕಿಲ್ಲ. ಭಾರತೀಯ ನರ್ಸಿಂಗ್ ಪರಿಷತ್ತಿನ ಎಮರ್ಜೆನ್ಸಿ ಮತ್ತು ಡಿಸಾಸ್ಟರ್ ನರ್ಸಿಂಗ್ ಪೋಸ್ಟ್ ಬೇಸಿಕ್ ಡಿಪ್ಲೊಮಾ ಒಂದೇ ವರ್ಷದ್ದು. ನಿಮ್ಮ ಕೈಗೆ ಆಗಲೇ ಅಭ್ಯಾಸ ಇದೆ, ಅದರ ಮೇಲೆ ಕಟ್ಟಿದರೆ ಸಾಕು.

ಇನ್ನು 108ರಲ್ಲೋ ಖಾಸಗಿ ಆಂಬುಲೆನ್ಸ್‌ನಲ್ಲೋ ಇರುವವರು. ರಾಜ್ಯದಲ್ಲಿ 108 ಸೇವೆ ಶುರುವಾಗಿದ್ದು 2008ರ ನವೆಂಬರ್ 1ಕ್ಕೆ. ಅಲ್ಲಿಂದ ಇಲ್ಲಿಯವರೆಗೆ ಮಲೆನಾಡಿನ ರಸ್ತೆಗಳಲ್ಲಿ ಎಷ್ಟೋ ಜೀವ ಉಳಿಸಿದವರು ಇವರೇ, ಆದರೆ ಹಲವರ ಕೈಯಲ್ಲಿ ಡಿಗ್ರಿ ಇಲ್ಲ. ಅವರಿಗೆ ದೂರಶಿಕ್ಷಣದ ಡಿಗ್ರಿ ಸಿಗಲಿ ಅಂತ ನನಗೂ ಆಸೆ ಇದೆ. ಅನುಭವವನ್ನು ಲೆಕ್ಕಕ್ಕೆ ಹಿಡಿದು, ಥಿಯರಿ ಮನೆಯಿಂದ, ಪೋಸ್ಟಿಂಗ್ ಜಿಲ್ಲಾ ಆಸ್ಪತ್ರೆಯಲ್ಲಿ ಅನ್ನುವ ಒಂದು ಕೋರ್ಸ್ ನಮಗೆ ಬೇಕೇ ಬೇಕು. ಈಗಂತೂ ಅದು ಇಲ್ಲ. ಹಾಗಾಗಿ ಈಗಿರುವ ಆಯ್ಕೆ ಎರಡು. ರೆಗ್ಯುಲರ್ ಸೀಟು ಹಿಡಿದು ರಜೆ ಅಥವಾ ರಾಜೀನಾಮೆ ಕೊಡುವುದು ಒಂದು. ಕೆಲಸದಲ್ಲೇ ಇದ್ದು ಅನುಮತಿ ಇರುವ ಬೇರೆ ವಿಷಯದಲ್ಲಿ ಡಿಗ್ರಿ ಮಾಡುವುದು ಇನ್ನೊಂದು. ಡಿಗ್ರಿ ಆದ ಮೇಲೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೊದಲ್ಲಿ ವಿಪತ್ತು ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ಇದೆ. ಗುಡ್ಡ ಕುಸಿತ, ನೆರೆ ಕಾಣುವ ನಮ್ಮ ಜಿಲ್ಲೆಗಳಲ್ಲಿ ಆ ಓದಿಗೆ ಬೆಲೆ ಇದೆ. ಆದರೆ ಅದು ರೋಗಿಯನ್ನು ಮುಟ್ಟುವ ಹಕ್ಕು ಕೊಡಲ್ಲ, ಆಡಳಿತ ಮತ್ತು ಸಮನ್ವಯದ ಕಡೆಗೆ ಕರೆದೊಯ್ಯುತ್ತೆ.

ಮನೆಯಿಂದ ಮುಗಿಸಬಹುದಾದ್ದು

ಬಿ.ಎಸ್ಸಿ. ಮೊದಲ ವರ್ಷದಲ್ಲಿ ಅನಾಟಮಿ, ಫಿಸಿಯಾಲಜಿ, ಬಯೊಕೆಮಿಸ್ಟ್ರಿ, ಪೆಥಾಲಜಿ, ಮೈಕ್ರೊಬಯಾಲಜಿ ಇರುತ್ತವೆ. ಕನ್ನಡ ಮಾಧ್ಯಮದಿಂದ ಹೋದವರು ಸೋಲುವುದು ಇಲ್ಲೇ. ವಿಷಯ ಕಷ್ಟ ಅಂತಲ್ಲ, ಇಂಗ್ಲಿಷ್ ಪದಗಳ ರಾಶಿ ಒಮ್ಮೆಲೇ ಬೀಳುತ್ತೆ. ವಿಶ್ವವಿದ್ಯಾಲಯದ ವೆಬ್‌ಸೈಟ್‌ನಿಂದ ಸಿಲಬಸ್ ಇಳಿಸಿಕೊಳ್ಳಿ. ಸೇರುವ ಮೊದಲಿನ ಮಳೆಗಾಲದಲ್ಲೇ ಹೃದಯ, ಶ್ವಾಸಕೋಶ, ಮೆದುಳು, ರಕ್ತ, ಈ ನಾಲ್ಕನ್ನು ಓದಿ ಮುಗಿಸಿ. ಉಳಿದದ್ದು ಕಾಲೇಜಿನಲ್ಲಿ ಆಗುತ್ತೆ. ಒಂದು ನೋಟ್‌ಬುಕ್‌ನಲ್ಲಿ ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ನಿಮ್ಮದೇ ಮಾತಿನಲ್ಲಿ ಅರ್ಥ ಬರೆಯುತ್ತಾ ಹೋಗಿ. ಬಾಯಿಪಾಠಕ್ಕಿಂತ ಇದು ಗಟ್ಟಿ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿ ಸೇರಿ 2018ರಲ್ಲಿ ಬೇಸಿಕ್ ಎಮರ್ಜೆನ್ಸಿ ಕೇರ್ ಅನ್ನುವ ಪಠ್ಯ ತಂದಿವೆ. ಉಚಿತವಾಗಿ ಸಿಗುತ್ತೆ. ಸೌಲಭ್ಯ ಕಡಿಮೆ ಇರುವ ಜಾಗದಲ್ಲಿ ಕೆಲಸ ಮಾಡುವವರನ್ನು ಮನಸ್ಸಲ್ಲಿಟ್ಟು ಬರೆದದ್ದು, ಹಾಗಾಗಿ ನಮಗೆ ಚೆನ್ನಾಗಿ ಹೊಂದುತ್ತೆ. ಉಸಿರಿನ ತೊಂದರೆ, ಶಾಕ್ (ಮೈಗೆ ಸಾಕಷ್ಟು ರಕ್ತ ಹರಿಯದ ಸ್ಥಿತಿ), ಗಾಯ, ಪ್ರಜ್ಞೆ ತಪ್ಪುವುದು ಅಂತ ಲಕ್ಷಣ ಹಿಡಿದು ಹೋಗುತ್ತೆ. ನಾನು ಯಾರಿಗಾದರೂ ಒಂದೇ ಒಂದು ಪುಸ್ತಕ ಹೇಳಬೇಕೆಂದರೆ ಇದನ್ನೇ ಹೇಳುತ್ತೇನೆ. ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ತಾಣ ಸ್ವಯಂ ಪೋರ್ಟಲ್‌ನಲ್ಲೂ ಆರೋಗ್ಯಕ್ಕೆ ಸಂಬಂಧಿಸಿದ ಕೋರ್ಸ್‌ಗಳನ್ನು ಉಚಿತವಾಗಿ ಕೇಳಬಹುದು. ಸರ್ಟಿಫಿಕೇಟ್ ಬೇಕಾದವರು ಮಾತ್ರ ಶುಲ್ಕ ಕಟ್ಟಿ ಪರೀಕ್ಷಾ ಕೇಂದ್ರಕ್ಕೆ ಹೋಗಬೇಕು.

ಹೃದಯ, ಉಸಿರು ನಿಂತವರಿಗೆ ಮೊದಲು ಮಾಡಬೇಕಾದ್ದನ್ನು ಕಲಿಸುವ ಬೇಸಿಕ್ ಲೈಫ್ ಸಪೋರ್ಟ್ ಕೋರ್ಸ್‌ಗೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಅರ್ಧ ಆನ್‌ಲೈನ್ ವಿಧಾನ ಇದೆ. ಪಾಠ ಮನೆಯಲ್ಲಿ ಮುಗಿಸಿ, ತರಬೇತಿ ಕೇಂದ್ರದಲ್ಲಿ ಬೊಂಬೆಯ ಮೇಲೆ ಮಾಡಿ ತೋರಿಸಬೇಕು. ಕಾರ್ಡ್ ಎರಡು ವರ್ಷ ನಡೆಯುತ್ತೆ, ಆಮೇಲೆ ಮತ್ತೆ ಮಾಡಬೇಕು. ದೊಡ್ಡವರಿಗೆ ಎದೆ ಒತ್ತುವ ಲೆಕ್ಕ ನಿಮಿಷಕ್ಕೆ 100ರಿಂದ 120, ಆಳ 5ರಿಂದ 6 ಸೆಂಟಿಮೀಟರ್, 30 ಸಲ ಒತ್ತಿ 2 ಉಸಿರು. ಓದುವಾಗ ಸುಲಭ. ಬೊಂಬೆಯ ಮೇಲೆ ಎರಡು ನಿಮಿಷ ಒತ್ತಿದ ಮೇಲೆ ತೋಳು ನಡುಗುವುದು ಗೊತ್ತಾಗುತ್ತೆ. ಮನೆಯಲ್ಲಿ ಲಯ ಹಿಡಿಯಲು ಫೋನ್‌ನಲ್ಲಿ ಮೆಟ್ರೊನೋಮ್ ಆ್ಯಪ್ 110ಕ್ಕೆ ಇಟ್ಟು ಗಟ್ಟಿ ದಿಂಬಿನ ಮೇಲೆ ಅಭ್ಯಾಸ ಮಾಡಿ. ಆರೋಗ್ಯವಾಗಿರುವ ಮನುಷ್ಯರ ಎದೆ ಮೇಲೆ ಯಾವತ್ತೂ ಬೇಡ.

ಕರೆಂಟ್, ನೆಟ್‌ವರ್ಕ್ ವಿಷಯ ನಿಮಗೆ ನಾನು ಹೇಳಬೇಕಿಲ್ಲ. ಲೈವ್ ಕ್ಲಾಸ್ ನಂಬಿಕೊಂಡರೆ ಜುಲೈನಲ್ಲಿ ಅರ್ಧ ಪಾಠ ಹೋಗುತ್ತೆ. ಶಿವಮೊಗ್ಗಕ್ಕೋ ಸಾಗರಕ್ಕೋ ಬಂದ ದಿನ ವಿಡಿಯೊಗಳನ್ನು ಇಳಿಸಿಟ್ಟುಕೊಳ್ಳಿ. ಮುಖ್ಯ ಪಠ್ಯವನ್ನು ಪ್ರಿಂಟ್ ಹಾಕಿಸಿ. ಡೆಬ್ ಐಡಿ, ಅರ್ಜಿ, ಹಾಲ್ ಟಿಕೆಟ್ ಯಾವುದನ್ನೂ ಕೊನೆಯ ದಿನಕ್ಕೆ ಬಿಡಬೇಡಿ.

ಕೈ ಪಳಗಿಸುವ ಹಂತ

ಡಿಗ್ರಿಗೆ ಸೇರುವ ಮೊದಲೇ ಪ್ರಥಮ ಚಿಕಿತ್ಸೆಯ ತರಬೇತಿ ಮಾಡಿಬಿಡಿ. ಭಾರತೀಯ ರೆಡ್ ಕ್ರಾಸ್ ಮತ್ತು ಸೇಂಟ್ ಜಾನ್ ಆಂಬುಲೆನ್ಸ್ ಇದನ್ನು ನಡೆಸುತ್ತವೆ. ಹೆಪಟೈಟಿಸ್ ಬಿ ಲಸಿಕೆಯನ್ನೂ ಈಗಲೇ ಶುರು ಮಾಡಿ. ಮೂರು ಡೋಸ್, ಮೊದಲನೆಯದು ಆದ ಒಂದು ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ಪೋಸ್ಟಿಂಗ್ ಶುರುವಾದ ಮೇಲೆ ಹಾಕಿಸಿಕೊಂಡರೆ ರಕ್ಷಣೆ ತಡವಾಗುತ್ತೆ. ಇದನ್ನು ಎಷ್ಟೋ ಕಾಲೇಜುಗಳು ಮೊದಲೇ ನೆನಪು ಮಾಡಲ್ಲ.

ಶಿವಮೊಗ್ಗದ ಮೆಗ್ಗಾನ್ ಜಿಲ್ಲಾ ಬೋಧನಾ ಆಸ್ಪತ್ರೆಯ ಕ್ಯಾಶುಯಾಲಿಟಿಗೆ (ತುರ್ತು ಚಿಕಿತ್ಸಾ ವಿಭಾಗಕ್ಕೆ) ಸುತ್ತಲಿನ ತಾಲ್ಲೂಕುಗಳಿಂದ ಬರುವ ಪ್ರಕರಣಗಳು ಈ ಓದಿಗೆ ದೊಡ್ಡ ಪಾಠಶಾಲೆ. ಆದರೆ ಅಲ್ಲೇ ಆಗಲಿ, ತಾಲ್ಲೂಕು ಆಸ್ಪತ್ರೆಯಲ್ಲೇ ಆಗಲಿ, ಲಿಖಿತ ಅನುಮತಿ ಇಲ್ಲದೆ ರೋಗಿಯನ್ನು ಮುಟ್ಟಬೇಡಿ. ಪರಿಚಯದ ಸ್ಟಾಫ್ ಇದ್ದಾರೆ ಅಂತ ಒಳಗೆ ಹೋಗಿ ಸೂಜಿ ಹಿಡಿಯುವುದು ರೋಗಿಗೂ ಅಪಾಯ, ನಿಮಗೂ ಅಪಾಯ.

ಲಾಗ್‌ಬುಕ್ ಬರೆಯುವ ಅಭ್ಯಾಸ ಮೊದಲ ದಿನದಿಂದ ಇರಲಿ. ರೋಗಿಯ ಹೆಸರು ಬರೆಯಬೇಡಿ. ಒಂದು ಪ್ರಕರಣ ಹೀಗೆ ಬರೆಯಬಹುದು: ‘ಗಂಡಸು, ಸುಮಾರು 45. ಔಷಧಿ ಹೊಡೆಯಲು ಅಡಿಕೆ ಮರ ಹತ್ತಿದ್ದಾಗ ಬಿದ್ದದ್ದು. ಪ್ರಜ್ಞೆ ಇದೆ, ಮಾತಾಡುತ್ತಾರೆ. ನಾಡಿ 56, ಬಿಪಿ ಕಡಿಮೆ, ಕಾಲು ಬೆಚ್ಚಗಿದೆ. ಎರಡೂ ಕಾಲು ಆಡುತ್ತಿಲ್ಲ, ಎದೆಯ ಮೇಲ್ಭಾಗದಿಂದ ಕೆಳಗೆ ಸ್ಪರ್ಶ ಗೊತ್ತಾಗುತ್ತಿಲ್ಲ. ನಾಲ್ಕು ಜನ ಸೇರಿ ಲಾಗ್ ರೋಲ್. ನಾನು: ತಲೆ ಹಿಡಿದದ್ದು, ಉಸ್ತುವಾರಿಯಲ್ಲಿ.’ ಕೊನೆಯ ಸಾಲು ಮುಖ್ಯ. ನೋಡಿದ್ದು ಯಾವುದು, ಮಾಡಿದ್ದು ಯಾವುದು ಅನ್ನೋದು ಬೇರೆ ಬೇರೆ ಇರಬೇಕು.

ಈ ಉದಾಹರಣೆಯಲ್ಲಿ ಕಲಿಯುವುದು ಬಹಳ ಇದೆ. ರಕ್ತ ಹೋಗಿ ಬಿಪಿ ಇಳಿದರೆ ಸಾಮಾನ್ಯವಾಗಿ ನಾಡಿ ಜೋರಾಗುತ್ತೆ, ಕೈಕಾಲು ತಣ್ಣಗಾಗುತ್ತೆ. ಇಲ್ಲಿ ನಾಡಿ ನಿಧಾನ, ಕಾಲು ಬೆಚ್ಚಗೆ. ಬೆನ್ನುಹುರಿಗೆ ಪೆಟ್ಟು ಬಿದ್ದಿರಬಹುದು ಅನ್ನುವ ಸೂಚನೆ ಅದು. ಹಾಗಂತ ಒಳಗೆಲ್ಲೂ ರಕ್ತ ಹೋಗುತ್ತಿಲ್ಲ ಅಂತ ತೀರ್ಮಾನ ಮಾಡುವಂತಿಲ್ಲ, ಹೊಟ್ಟೆ, ಎದೆ, ಸೊಂಟ ನೋಡಲೇಬೇಕು. ನಮ್ಮ ತೋಟಗಳಲ್ಲಿ ಬಿದ್ದವರನ್ನು ಕಂಕುಳು, ಕಾಲು ಹಿಡಿದು ಎತ್ತಿ ಜೀಪಿಗೆ ಹಾಕುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಉಳಿದಿದ್ದ ಬೆನ್ನುಹುರಿಯೂ ಅಲ್ಲೇ ಕೆಡಬಹುದು. ಲಾಗ್ ರೋಲ್ ಅಂದರೆ ಇದು: ಒಬ್ಬರು ತಲೆ ಅಲುಗದಂತೆ ಹಿಡಿದು, ಅವರ ಲೆಕ್ಕಕ್ಕೆ ಉಳಿದವರು ಮೈಯನ್ನು ಒಟ್ಟಿಗೆ ಹೊರಳಿಸಬೇಕು. ಈ ಒಂದು ಕೆಲಸವನ್ನು ಊರಿನ ಹತ್ತು ಜನರಿಗೆ ಕಲಿಸಿದರೆ ನಿಮ್ಮ ಓದು ಡಿಗ್ರಿಗೂ ಮೊದಲೇ ಫಲ ಕೊಟ್ಟಂತೆ.

ಹಾವು ಕಡಿತದ ಬಗ್ಗೆ ಮಲೆನಾಡಿನವರು ಪುಸ್ತಕಕ್ಕಿಂತ ಒಂದು ಹೆಜ್ಜೆ ಜಾಸ್ತಿ ಓದಬೇಕು. ಇಲ್ಲಿ ಸಿಗುವ ಪಾಲಿವೇಲೆಂಟ್, ಅಂದರೆ ಹಲವು ಹಾವುಗಳ ವಿಷಕ್ಕೆ ಒಟ್ಟಿಗೆ ಮಾಡಿದ ಔಷಧಿ, ನಾಗರಹಾವು, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೆ ಮಾಡಿದ್ದು. ಆಗುಂಬೆ ಕಾಡಿನ ಕಾಳಿಂಗ ಸರ್ಪವಾಗಲಿ, ತೋಟದಲ್ಲಿ ಕಾಣುವ ಹಂಪ್‌ನೋಸ್ಡ್ ಪಿಟ್ ವೈಪರ್ ಅನ್ನುವ ಮಂಡಲದ ಜಾತಿಯ ಹಾವಾಗಲಿ ಆ ಪಟ್ಟಿಯಲ್ಲಿ ಇಲ್ಲ. ಹಾಗಂತ ಹಾವು ಹಿಡಿದು ತರೋಕೆ ಯಾರನ್ನೂ ಕಳಿಸಬೇಡಿ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಬೇಡ. ಕಡಿದ ಭಾಗ ಅಲುಗಾಡದಂತೆ ಇಟ್ಟು ಆಸ್ಪತ್ರೆಗೆ ಒಯ್ಯುವುದೇ ಕೆಲಸ. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕು. ದಾಖಲೆ ಸರಿಯಾಗಿ ಬರೆಯಬಲ್ಲವರು ಅದಕ್ಕೂ ಬೇಕು.

ಮಂಗನ ಕಾಯಿಲೆಯನ್ನೂ ಬಿಡಬೇಡಿ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ರೋಗ ಇದು, ಉಣುಗು ಕಚ್ಚಿ ಬರುತ್ತೆ. ಬೇಸಿಗೆಯಲ್ಲಿ ಜೋರು ಜ್ವರ, ತಲೆನೋವು ಅಂತ ಬಂದವರನ್ನು ಕಾಡಿಗೆ ಹೋಗಿದ್ದಿರಾ, ಸುತ್ತ ಮಂಗ ಸತ್ತಿತ್ತಾ ಅಂತ ಕೇಳುವುದನ್ನು ಬೇರೆ ಊರಿನ ಸಿಲಬಸ್ ನಿಮಗೆ ಕಲಿಸಲ್ಲ.

ದೂರವೇ ನಮ್ಮ ಕಡೆಯ ದೊಡ್ಡ ರೋಗ ಅಂತಲೂ ಹೇಳಬಹುದು. ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಯವರು 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಗುವವರೆಗೆ ಸಾಗರಕ್ಕೆ ಬರಲು ಲಾಂಚ್ ಕಾಯುತ್ತಿದ್ದರು. ರಾತ್ರಿ ಲಾಂಚ್ ಇರಲಿಲ್ಲ. ಈಗ ಸೇತುವೆ ಇದೆ, ಆದರೂ ಆಸ್ಪತ್ರೆ ಹತ್ತಿರ ಬಂದಿಲ್ಲ. ದಾರಿಯ ಆ ಒಂದು ಗಂಟೆಯಲ್ಲಿ ರೋಗಿಯ ಪಕ್ಕ ಕೂತವರಿಗೆ ಕೆಲಸ ಗೊತ್ತಿದೆಯಾ ಅನ್ನೋದರ ಮೇಲೆ ಬಹಳ ನಿಂತಿದೆ. ಈ ಓದಿಗೆ ನಮ್ಮೂರಿನ ಮಕ್ಕಳೇ ಬರಬೇಕು ಅಂತ ನಾನು ಒತ್ತಿ ಹೇಳುವುದು ಅದಕ್ಕೇ.

ವಿದೇಶದ ಆನ್‌ಲೈನ್ ಡಿಗ್ರಿ

ಇಂಟರ್ನೆಟ್‌ನಲ್ಲಿ ಹುಡುಕಿದರೆ ಅಮೆರಿಕದ ಆನ್‌ಲೈನ್ ಎಮರ್ಜೆನ್ಸಿ ಕೇರ್ ಡಿಗ್ರಿಗಳು ಕಾಣುತ್ತವೆ. ಅವು ಸುಳ್ಳಲ್ಲ. ನಾರ್ತ್ ಕೆರೊಲಿನಾದ ಗುಡ್ಡಗಾಡಿನಲ್ಲಿರುವ ವೆಸ್ಟರ್ನ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಅಂಥ ಒಂದು ಕೋರ್ಸ್ ಇದೆ. ಆದರೆ ಆ ಆನ್‌ಲೈನ್ ದಾರಿ ಆಗಲೇ ಪ್ಯಾರಾಮೆಡಿಕ್ ಆದವರಿಗೆ. ಕೈಕೆಲಸ, ಆಂಬುಲೆನ್ಸ್, ಪರವಾನಗಿ ಎಲ್ಲ ಮುಗಿದ ಮೇಲೆ ಆಡಳಿತ, ಸಂಶೋಧನೆ, ಮೇಲಿನ ವಿಜ್ಞಾನ ಓದಿ ಡಿಗ್ರಿ ಪೂರ್ತಿ ಮಾಡಿಕೊಳ್ಳುತ್ತಾರೆ. ಶೂನ್ಯದಿಂದ ಶುರು ಮಾಡುವವರಿಗೆ ಅಲ್ಲ. ನಮ್ಮಲ್ಲಿ ಅದಕ್ಕೆ ಸಮಾನತೆ ಸಿಗುತ್ತಾ ಅಂತ ಯುಜಿಸಿಯಿಂದ ಬರವಣಿಗೆಯಲ್ಲಿ ತಿಳಿಯದೆ ಡಾಲರ್ ಲೆಕ್ಕದಲ್ಲಿ ದುಡ್ಡು ಕಟ್ಟಬೇಡಿ.

ದುಡ್ಡು

ಸರ್ಕಾರಿ ಕೋಟಾದ ಸೀಟು ಮೊದಲ ಗುರಿ ಆಗಿರಲಿ. ಸೀಟು ಸಿಕ್ಕ ಕೂಡಲೇ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಹಿಂದುಳಿದ ವರ್ಗದವರಿಗೆ, ಹಾಸ್ಟೆಲ್ ಸಿಗದೆ ಹೊರಗೆ ಇರುವವರಿಗೆ ಊಟ, ವಸತಿಗೆ ನೆರವು ಕೊಡುವ ವಿದ್ಯಾಸಿರಿ ಯೋಜನೆ ಇದೆ. ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ನಿಗಮಗಳಲ್ಲಿ ಅರಿವು ಅನ್ನುವ ಶಿಕ್ಷಣ ಸಾಲ ಇದೆ. ಜಾತಿ, ಆದಾಯ ಪ್ರಮಾಣಪತ್ರ ಹಳೆಯದಾಗಿದ್ದರೆ ನಾಡಕಚೇರಿಯಲ್ಲಿ ಮೇ ತಿಂಗಳಲ್ಲೇ ಹೊಸದು ಮಾಡಿಸಿ. ಜೂನ್ ಬಂದರೆ ಸಾಲು ಉದ್ದ, ಸರ್ವರ್ ನಿಧಾನ.

ಕಾಲೇಜಿಗೆ ಹೋದ ದಿನ

ಫೀಸಿನ ಮಾತಿಗೆ ಮೊದಲು ಕ್ಯಾಶುಯಾಲಿಟಿ ತೋರಿಸಿ ಅನ್ನಿ. ಅಲ್ಲಿ ಹಾಸಿಗೆ ಖಾಲಿ ಹೊಡೆಯುತ್ತಿದ್ದರೆ ನಿಮಗೆ ಕಲಿಯಲು ರೋಗಿಗಳಿಲ್ಲ ಅಂತ ಅರ್ಥ. ಎರಡನೇ ವರ್ಷದ ವಿದ್ಯಾರ್ಥಿ ಒಬ್ಬರನ್ನು ಪಕ್ಕಕ್ಕೆ ಕರೆದು, ಆಂಬುಲೆನ್ಸ್ ಡ್ಯೂಟಿ ಎಷ್ಟು ಸಿಗುತ್ತೆ, ಬೊಂಬೆಗಳು ಬೀಗ ಹಾಕಿದ ಕಪಾಟಿನಲ್ಲಿವೆಯಾ ಹೊರಗಿವೆಯಾ ಅಂತ ಕೇಳಿ. ವಿಶ್ವವಿದ್ಯಾಲಯದ ಈ ವರ್ಷದ ಸಂಯೋಜನೆ (ಅಫಿಲಿಯೇಶನ್) ಪತ್ರ ನೋಡಿ, ಅದರಲ್ಲಿ ನಿಮ್ಮ ಕೋರ್ಸ್‌ನ ಹೆಸರು, ಸೀಟಿನ ಸಂಖ್ಯೆ ಇರಬೇಕು. ಇಂಟರ್ನ್‌ಶಿಪ್‌ನಲ್ಲಿ ಸ್ಟೈಪೆಂಡ್ ಇದೆಯಾ ಅನ್ನೋದನ್ನೂ ಕೇಳಿಬಿಡಿ, ಸಂಕೋಚ ಬೇಡ. ಮೂಲ ಅಂಕಪಟ್ಟಿ ಕೇಳಿದರೆ ಪರಿಶೀಲನೆಗೆ ತೋರಿಸಿ ವಾಪಸ್ ತೆಗೆದುಕೊಳ್ಳಿ. ಮೂಲ ದಾಖಲೆ ಇಟ್ಟುಕೊಳ್ಳುವಂತಿಲ್ಲ ಅಂತ ಯುಜಿಸಿ 2018ರಲ್ಲೇ ಹೇಳಿದೆ. ಸ್ವಲ್ಪ ದಿನ ಬಿಡಲೇಬೇಕಾಗಿ ಬಂದರೆ ಏನೇನು ಕೊಟ್ಟಿರಿ ಅಂತ ಪಟ್ಟಿ ಬರೆದು ಸೀಲು, ಸಹಿ ಹಾಕಿಸಿಕೊಂಡು ಬನ್ನಿ.